ನಿನ್ನ ಮೈ ಕಾಯುವ ನನ್ನ ಸಿಟ್ಟು

ಆಸ್ಪತ್ರೆಯ ಕ್ಯಾಂಟೀನು,
ಗುರುವಾರ, ಮಧ್ಯಾಹ್ನ

ಅಕ್ಕಾ,

ಮೇಲೆ 'ಪ್ರೀತಿಯ' ಎಂದು ಬರೆಯಬೇಕಿತ್ತು. ಬರೆಯಲು ಹೋದೆ, ಕೈ ಏಳಲಿಲ್ಲ. 'ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ' ಎಂದು ಶುರು ಮಾಡೋಣವೆಂದರೆ ಎರಡೂ ಸುಳ್ಳು. ಆದ್ದರಿಂದ ಬರೀ ಅಕ್ಕಾ. ನಮ್ಮಿಬ್ಬರ ನಡುವೆ ಉಳಿದಿರುವ ನಿಜ ಅದೊಂದೇ, ಅದನ್ನು ನಾನು ಆರಿಸಿಕೊಂಡದ್ದೂ ಅಲ್ಲ.

ನೀನು ನನ್ನ ಉತ್ತರಕ್ಕೆ ಕಾಯುತ್ತಿದ್ದೀಯ ಎಂದು ಡಾಕ್ಟರಮ್ಮ ಹೇಳಿದರು. ನಿನ್ನ ರಕ್ತದ ಕ್ಯಾನ್ಸರು ಮತ್ತೆ ತಲೆ ಎತ್ತಿದೆ. ಹೋದ ವರ್ಷ ನಾನು ಕೊಟ್ಟದ್ದು ಸಾಲದು, ಈಗ ನನ್ನ ರಕ್ತದಿಂದ ಇನ್ನೊಂದು ಚೀಲ ಬಿಳಿ ಕಣ ಬೇಕು. ಕೊಟ್ಟರೆ ನೀನು ಬದುಕುವುದಕ್ಕೆ ಒಂದು ದಾರಿ ಇದೆ. ಕೊಡದಿದ್ದರೆ ಅವರ ಹತ್ತಿರ ಬೇರೆ ದಾರಿ ಇಲ್ಲ. ಇದನ್ನು ಅವರು ನನಗೆ ಬಿಡಿಸಿ ಹೇಳಿ, "ಯೋಚನೆ ಮಾಡಿ ಹೇಳಿ, ಯಾರೂ ಬಲವಂತ ಮಾಡಲ್ಲ" ಅಂದರು. ಯೋಚನೆ ಮಾಡಿದ್ದೇನೆ. ಉತ್ತರ ಹೇಳುತ್ತೇನೆ, ಆದರೆ ಅದಕ್ಕೂ ಮೊದಲು ನೀನು ನನ್ನ ಮಾತು ಪೂರ್ತಿ ಕೇಳಬೇಕು. ಎದುರಿಗೆ ಬಂದು ಹೇಳಿದರೆ ನೀನು ಗೋಡೆ ಕಡೆ ತಿರುಗಿ ಅಳುತ್ತೀಯ, ನರ್ಸು ಓಡಿಬಂದು ನನ್ನನ್ನು ಆಚೆ ಕಳಿಸುತ್ತಾಳೆ, ಎಲ್ಲರಿಗೂ ನಾನೇ ರಾಕ್ಷಸಿಯಾಗಿ ಕಾಣುತ್ತೇನೆ. ಅದಕ್ಕೇ ಈ ಕಾಗದ.

ಹೋದ ವರ್ಷದಿಂದ ಶುರು ಮಾಡುತ್ತೇನೆ. ಹೋಟೆಲಿನ ಬಟ್ಟೆಕೋಣೆಯಲ್ಲಿ ಹೊದಿಕೆಗಳನ್ನು ಮಡಿಸಿ ಜೋಡಿಸುತ್ತಿದ್ದಾಗ ಫೋನು ಬಂತು. ಅಪ್ಪ. ಮನೆಯಿಂದ ಹೊರಗೆ ಹಾಕಿದ ಮೇಲೆ ಅವರ ದನಿ ಕೇಳಿದ್ದು ಅದೇ ಮೊದಲು. "ನಿಮ್ಮಕ್ಕನಿಗೆ ಹುಷಾರಿಲ್ಲ. ನಿಮ್ಮ ರಕ್ತ ಹೊಂದುತ್ತಾ ಅಂತ ನೋಡ್ಬೇಕಂತೆ. ಒಂದ್ಸಲ ಬಂದು ಹೋಗ್ತೀರಾ?" ಅಂದರು. ಹೋಗ್ತೀರಾ! ಅಂಗಡಿಗೆ ಬಂದ ಗಿರಾಕಿಗೆ ಹೇಳುವ ಹಾಗೆ, ಹೆತ್ತ ಮಗಳಿಗೆ ಬಹುವಚನ. ಬಾಯಿಗೆ ಬಂದ ಹಾಗೆ ಬೈದಿದ್ದರೂ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ. ನಾನೂ ಬಿಡಲಿಲ್ಲ, "ಆಗ್ಲಿ ಸಾರ್, ಬರ್ತೀನಿ" ಅಂದೆ. ಅವರು ಫೋನಿಟ್ಟರು.

ನಿನ್ನ ಮೇಲಿನ ಮಮತೆಯಿಂದ ಓಡಿಬಂದೆ ಅಂದುಕೊಂಡಿದ್ದರೆ ಆ ಭ್ರಮೆ ಬಿಡು. ಹೊಂದುವುದಿಲ್ಲ ಎಂದು ವರದಿ ಬರಲಿ, ಒಂದೇ ಹೊಟ್ಟೆಯಲ್ಲಿ ಹುಟ್ಟಿದರೂ ನಾವಿಬ್ಬರೂ ಬೇರೆ ಬೇರೆ ಎಂದು ಆಸ್ಪತ್ರೆಯ ಮೊಹರಿನ ಕೆಳಗೆ ಬರೆಸಿಕೊಂಡು ಹೋಗೋಣ ಎಂದು ಬಂದೆ. ಹೊಂದಿತು. ನೋಡಬೇಕಾದ ಗುರುತುಗಳೆಲ್ಲ ಹೊಂದಿದವು. ಡಾಕ್ಟರಮ್ಮ ಖುಷಿಯಿಂದ ನನ್ನ ಎರಡೂ ಕೈ ಹಿಡಿದುಕೊಂಡರು, ನನಗೆ ಮಾತ್ರ ಯಾರೋ ಮೋಸ ಮಾಡಿದ ಹಾಗಾಯಿತು. ಆದರೂ ಒಪ್ಪಿಕೊಂಡೆ. ಯಾಕೆ ಒಪ್ಪಿದೆ ಎಂದು ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಮೂಳೆಯ ಮಜ್ಜೆಯೊಳಗಿನ ಕಣಗಳು ರಕ್ತಕ್ಕೆ ಇಳಿದು ಬರಲಿ ಎಂದು ದಿನವೂ ಸೂಜಿ ಚುಚ್ಚಿದರು. ಸೊಂಟ, ತೊಡೆ, ಬೆನ್ನು, ಮೂಳೆ ಇರುವ ಜಾಗದಲ್ಲೆಲ್ಲ ನೋವು. ಆಮೇಲೆ ಎರಡೂ ತೋಳಿಗೆ ನಳಿಗೆ ಹಾಕಿ ಯಂತ್ರದ ಪಕ್ಕ ಮಲಗಿಸಿದರು. ಒಂದು ತೋಳಿನಿಂದ ರಕ್ತ ಹೊರಗೆ, ಯಂತ್ರ ಗಿರ್ರೆಂದು ತಿರುಗಿ ತನಗೆ ಬೇಕಾದ ಕಣ ಇಟ್ಟುಕೊಂಡು, ಉಳಿದದ್ದು ಇನ್ನೊಂದು ತೋಳಿನಿಂದ ಒಳಗೆ. ಮೂಗು ತುರಿಸಿದರೂ ಕೆರೆದುಕೊಳ್ಳುವ ಹಾಗಿಲ್ಲ.

ಅವತ್ತು ನನ್ನ ಬೇಸರ ಕಳೆಯಲು ಡಾಕ್ಟರಮ್ಮ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಆಯಮ್ಮ ಒಳ್ಳೆ ಮಾತುಗಾರ್ತಿ. ನನ್ನ ರಕ್ತದಲ್ಲಿ ಯಾರ್ಯಾರು ಕೆಲಸಕ್ಕಿದ್ದಾರೆ ಎಂದು ಒಂದು ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಮುಳ್ಳು ಚುಚ್ಚಿದರೆ, ಗಾಯವಾದರೆ, ಎಲ್ಲರಿಗಿಂತ ಮೊದಲು ಓಡಿಬರುವ ಒಂದು ಜಾತಿ ಇದೆಯಂತೆ. ಬಂದು, ಸಿಕ್ಕಿದ ಕ್ರಿಮಿಯನ್ನು ನುಂಗಿ, ಅಲ್ಲೇ ಪ್ರಾಣ ಬಿಡುತ್ತವೆ. ನಾವು ಕೀವು ಎಂದು ಅಸಹ್ಯಪಟ್ಟು ಒರೆಸುವುದು ಬಹುಪಾಲು ಅವುಗಳ ಹೆಣಗಳನ್ನೇ. ಇನ್ನೊಂದು ಜಾತಿ, ನುಂಗಿದ ಶತ್ರುವಿನ ಒಂದು ಚೂರನ್ನು ತನ್ನ ಮೈಮೇಲೆ ಅಂಟಿಸಿಕೊಂಡು ಒಳಗೆ ಹೋಗಿ, ಇಂಥವನು ಬಂದಿದ್ದಾನೆ, ಮುಖ ನೋಡಿಕೊಳ್ಳಿ ಎಂದು ತೋರಿಸುತ್ತದೆ. ಆಗ ಏಳುತ್ತವೆ ನೋಡು, ಹುಡುಕಿ ಕೊಲ್ಲುವ ಟಿ ಕಣಗಳು. ಅವು ಕಲಿಯುವುದು ಎದೆಮೂಳೆಯ ಹಿಂದಿರುವ ಒಂದು ಸಣ್ಣ ಗ್ರಂಥಿಯಲ್ಲಿ. ಅಲ್ಲಿ ಮೇಷ್ಟ್ರುಗಳು ಬಹಳ ನಿರ್ದಯಿಗಳು. ಏನನ್ನೂ ಗುರುತಿಸಲು ಬಾರದ ಪೆದ್ದುಗಳಿಗೆ ಅಲ್ಲೇ ಸಾವು, ಮನೆಯವರನ್ನೇ ಕಚ್ಚಲು ಹೋಗುವ ಪುಂಡರಿಗೂ ಅಲ್ಲೇ ಸಾವು. ಪಾಸಾಗಿ ಹೊರಗೆ ಬರುವವು ತೀರಾ ಕಡಿಮೆ.

ಅವುಗಳಲ್ಲೇ ಕೆಲವು ನೆನಪಿನ ಕಣಗಳಾಗಿ ಉಳಿಯುತ್ತವಂತೆ. ಒಮ್ಮೆ ಮೈಗೆ ಕೇಡು ಮಾಡಿದವನ ಮುಖವನ್ನು ವರ್ಷಗಟ್ಟಲೆ ಮರೆಯದೆ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುತ್ತವಂತೆ. "ಅವು ಯಾವತ್ತೂ ಕ್ಷಮಿಸಲ್ವಾ?" ಎಂದು ಕೇಳಿದೆ. ಡಾಕ್ಟರಮ್ಮ ಜೋರಾಗಿ ನಕ್ಕು, "ಕ್ಷಮಿಸೋದು ಕಲಿತಿದ್ರೆ ನಾವ್ಯಾರೂ ದೊಡ್ಡೋರಾಗ್ತಿರ್ಲಿಲ್ಲ ಬಿಡಿ" ಅಂದರು. ನನಗೆ ಆ ಮಾತು ಎಷ್ಟು ಹಿತವಾಗಿತ್ತು ಅಂತೀಯ! ಕಂಡಕಂಡವರೆಲ್ಲ ನನಗೆ ಬುದ್ಧಿ ಹೇಳಿದವರೇ. ಆದದ್ದು ಆಯಿತು, ಹೊಟ್ಟೆಗೆ ಹಾಕಿಕೋ, ಎಷ್ಟಾದರೂ ಅಕ್ಕ ಅಲ್ಲವಾ ಎಂದು. ನನ್ನ ಮೈಯೇ ಹೊಟ್ಟೆಗೆ ಹಾಕಿಕೊಳ್ಳದ ಮೈ ಎಂದು ಆವತ್ತು ಗೊತ್ತಾಯಿತು. ಅದನ್ನೇ ಚೀಲದಲ್ಲಿ ತುಂಬಿ ನಿನಗೆ ಕೊಟ್ಟೆ.

ಈಗ ಅಪ್ಪನ ಲಾಂಡ್ರಿಯ ಮಾತಿಗೆ ಬರುತ್ತೇನೆ. ನಿನಗೆ ಗೊತ್ತಿರುವುದೇ, ಆದರೂ ನನ್ನ ಬಾಯಿಂದ ಒಮ್ಮೆ ಪೂರ್ತಿ ಕೇಳು, ಯಾಕೆಂದರೆ ಅವತ್ತು ನನ್ನ ಬಾಯಿಂದ ಪೂರ್ತಿ ಕೇಳಿದವರು ಯಾರೂ ಇಲ್ಲ.

ನಮ್ಮ ಅಂಗಡಿಗೆ ಬಂದ ಪ್ರತಿ ಬಟ್ಟೆಯ ಒಳಮಡಿಕೆಯಲ್ಲಿ ಎರಡು ಗುರುತು ಹೊಲಿಯುವುದು ಅಪ್ಪನ ನಿಯಮ. ಒಂದು, ಬಟ್ಟೆ ಯಾರದು ಎಂದು. ಇನ್ನೊಂದು, ಅದನ್ನು ಒಗೆಯುವ ಕೈ ಯಾರದು ಎಂದು. ಅಪ್ಪನದು ಬಿಳಿ ನೂಲು, ನಿನ್ನದು ನೀಲಿ, ನನ್ನದು ಕೆಂಪು. ಏನಾದರೂ ಎಡವಟ್ಟಾದರೆ ನಿನ್ನದಾ ನನ್ನದಾ ಎಂದು ಜಗಳವೇ ಬೇಡ, ಮಡಿಕೆ ಬಿಚ್ಚಿ ಬಣ್ಣ ನೋಡಿದರೆ ಮುಗಿಯಿತು. ಎಷ್ಟು ಒಳ್ಳೆಯ ನಿಯಮ ಎಂದು ಬಂದವರಿಗೆಲ್ಲ ಅಪ್ಪ ತೋರಿಸುತ್ತಿದ್ದರು. ನಾನೂ ಹೆಮ್ಮೆಪಡುತ್ತಿದ್ದೆ.

ಅಪ್ಪನ ಗೆಳೆಯ ಮೇಷ್ಟ್ರು, ತೀರಿಹೋದ ಹೆಂಡತಿಯ ಉಣ್ಣೆ ಶಾಲನ್ನು ವರ್ಷಕ್ಕೊಮ್ಮೆ ತೊಳೆಸಲು ತರುತ್ತಿದ್ದರಲ್ಲ, ಅದು. ಉಣ್ಣೆಯನ್ನು ತಣ್ಣೀರಲ್ಲಿ, ಮಗುವಿಗೆ ಸ್ನಾನ ಮಾಡಿಸುವ ಹಾಗೆ ಒಗೆಯಬೇಕು ಎಂದು ನಮಗೆ ನಡೆಯಲು ಬಂದಾಗಿನಿಂದ ಗೊತ್ತು. ಆವತ್ತು ಅಂಗಡಿ ತುಂಬ ಕೆಲಸ. ನಿನಗೆ ಏನು ಅವಸರವಿತ್ತೋ, ಹೊದಿಕೆಗಳನ್ನು ಹಾಕುವ ಕುದಿನೀರಿನ ತೊಟ್ಟಿಗೇ, ಬ್ಲೀಚಿನ ಜೊತೆಗೇ, ಶಾಲನ್ನೂ ಎಸೆದೆ. ಹೊರಗೆ ಬಂದಾಗ ಅದು ಅಲ್ಲಲ್ಲಿ ಬಣ್ಣ ಬಿಟ್ಟು, ರಟ್ಟಿನ ಹಾಗೆ ಬಿರುಸಾಗಿ, ಒಂದು ಮಗುವಿಗೂ ಹೊದೆಸಲಾಗದಷ್ಟು ಚಿಕ್ಕದಾಗಿತ್ತು. ತಪ್ಪು ಯಾರ ಕೈಯಿಂದಲೂ ಆಗುತ್ತದೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನೇ ನಿನ್ನ ಪರವಾಗಿ ಅಪ್ಪನ ಕಾಲು ಹಿಡಿಯುತ್ತಿದ್ದೆ.

ನೀನು ಏನು ಮಾಡಿದೆ? ನಿನ್ನ ನೀಲಿ ನೂಲು ಬಿಚ್ಚಿ, ನನ್ನ ಡಬ್ಬಿಯಿಂದ ಕೆಂಪು ನೂಲು ತೆಗೆದು, ಕೂತು, ಸಮಾಧಾನವಾಗಿ ಹೊಲಿದೆ. ಸಿಟ್ಟಿನಲ್ಲಿ ಮಾಡಿದ ಕೆಲಸವಲ್ಲ ಅದು, ಸೂಜಿಗೆ ದಾರ ಪೋಣಿಸಿ ಮಾಡಿದ ಕೆಲಸ. ಆ ತಿಂಗಳೇ ಅಪ್ಪ ಅಂಗಡಿಯ ಬೀಗದ ಕೈಯನ್ನು ನಮ್ಮಿಬ್ಬರಲ್ಲಿ ಒಬ್ಬರಿಗೆ ಒಪ್ಪಿಸಬೇಕು ಅಂದುಕೊಂಡಿದ್ದರು. ಅವರ ಮನಸ್ಸು ನನ್ನ ಕಡೆ ವಾಲಿತ್ತು ಎಂದು ನನಗಿಂತ ಮೊದಲು ನಿನಗೆ ಗೊತ್ತಾಗಿತ್ತು.

ಮೇಷ್ಟ್ರು ಬಂದರು. ಶಾಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಇದು ಅವಳದಲ್ಲ" ಎಂದಷ್ಟೇ ಹೇಳಿ, ಕೌಂಟರಿನ ಮೇಲೆ ಇಟ್ಟು ಹೊರಟುಹೋದರು. ಅಪ್ಪ ಮಡಿಕೆ ಬಿಚ್ಚಿದರು. ಕೆಂಪು. ನಾನು ಮುಟ್ಟೇ ಇಲ್ಲ ಅಂದೆ. ಗಂಟು ನೋಡಿ ಅಪ್ಪಾ ಅಂದೆ. ನಾನು ಎಡಗೈಯವಳು, ನಾನು ಹಾಕಿದ ಗಂಟಿನ ಬಾಲ ಯಾವಾಗಲೂ ಎಡಕ್ಕೆ ಬೀಳುತ್ತದೆ, ಈ ಗಂಟಿನ ಬಾಲ ಬಲಕ್ಕಿದೆ, ಒಂದೇ ಒಂದು ಸಲ ಕನ್ನಡಕ ಹಾಕಿಕೊಂಡು ನೋಡಿ ಅಂದೆ. ಅಪ್ಪ ನೋಡಲಿಲ್ಲ. "ಮನುಷ್ಯರು ಸುಳ್ಳು ಹೇಳ್ತಾರೆ, ನೂಲು ಹೇಳಲ್ಲ" ಅಂದರು. ಮಾಡಿದ ತಪ್ಪಿಗಿಂತ ಅದನ್ನು ಮುಚ್ಚಿಕೊಳ್ಳಲು ಆಡುವ ಮಾತು ದೊಡ್ಡದು, ಅಂಥವಳು ನನ್ನ ಮನೆಯಲ್ಲಿ ಬೇಡ ಅಂದರು. ನೀನು ಇಸ್ತ್ರಿ ಮೇಜಿನ ಹತ್ತಿರ ನಿಂತಿದ್ದೆ. ಒಂದು ಅಂಗಿಯ ಒಂದೇ ತೋಳನ್ನು ಇಸ್ತ್ರಿ ಮಾಡಿದ್ದೇ ಮಾಡಿದ್ದು, ಮಾಡಿದ್ದೇ ಮಾಡಿದ್ದು. ನಾನು ಚೀಲ ತೆಗೆದುಕೊಂಡು ನಿನ್ನ ಪಕ್ಕದಲ್ಲೇ ದಾಟಿ ಹೋದರೂ ತಲೆ ಎತ್ತಲಿಲ್ಲ. ನನ್ನ ತಲೆಯ ಮೇಲೆ ಗೂಬೆ ಕೂರಿಸಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಆ ಶಾಲು ಇನ್ನೂ ಅಂಗಡಿಯ ಗಾಜಿನ ಕಪಾಟಿನಲ್ಲಿದೆ. ಕೆಲಸಕ್ಕೆ ಹೊಸದಾಗಿ ಬಂದವರಿಗೆ ಅಪ್ಪ ಅದನ್ನು ತೋರಿಸಿ ಪಾಠ ಹೇಳುತ್ತಾರಂತೆ. ಗಂಟು ಇನ್ನೂ ಅದರಲ್ಲೇ ಇದೆ. ನೋಡಬೇಕು ಅನ್ನಿಸಿದವರು ಯಾವತ್ತು ಬೇಕಾದರೂ ನೋಡಬಹುದು.

ಇದನ್ನು ಇಷ್ಟು ಉದ್ದ ಯಾಕೆ ಹೇಳಿದೆ ಗೊತ್ತಾ? ನಿನ್ನ ಕಾಯಿಲೆಯ ಮರ್ಮವನ್ನು ಡಾಕ್ಟರಮ್ಮ ವಿವರಿಸಿದಾಗ ನಾನು ಮಲಗಿದ್ದಲ್ಲೇ ನಗಲು ಶುರು ಮಾಡಿದೆ, ಅವರು ಗಾಬರಿಯಾಗಿ ನನ್ನ ನಾಡಿ ಹಿಡಿದು ನೋಡಿದರು. ಮೈಯ ಒಂದೊಂದು ಕಣದ ಮೇಲೂ ನಾನು ಈ ಮನೆಯವನು ಎಂಬ ಗುರುತು ಇರುತ್ತದಂತೆ. ಕಾವಲಿನ ಕಣಗಳು ಸುತ್ತು ಹಾಕುತ್ತ ಆ ಗುರುತು ನೋಡಿ ಮುಂದೆ ಹೋಗುತ್ತವೆ. ಕ್ಯಾನ್ಸರಿನ ಕಣ ಹೊರಗಿನಿಂದ ಬಂದದ್ದಲ್ಲ, ನಿನ್ನ ಮೈಯಲ್ಲೇ ಹುಟ್ಟಿ ಕೆಟ್ಟದ್ದು. ಮೈಮೇಲೆ ಮನೆಯದೇ ಗುರುತು. ಎಷ್ಟೋ ಸಲ ಕಾವಲಿನವು ಕೆಟ್ಟದ್ದನ್ನು ಹಿಡಿಯುತ್ತವಂತೆ. ಈ ಸಲ ನಿನ್ನ ಕಾವಲಿನವು ಬಣ್ಣ ನೋಡಿ, ನಮ್ಮವನೇ ಎಂದು ಬಿಟ್ಟವು. ಅದು ಮೂಳೆಯೊಳಗೆ ಕೂತು ಸಂತತಿ ಬೆಳೆಸಿತು. ಅಂದರೆ ನಿನ್ನ ಮೈ ನಿನಗೆ ಮಾಡಿದ್ದು, ಅಪ್ಪ ನನಗೆ ಮಾಡಿದ್ದೇ. ಬಣ್ಣ ನೋಡಿದರು, ಗಂಟು ನೋಡಲಿಲ್ಲ.

ನನ್ನ ಕಣಗಳು ಗಂಟು ನೋಡಿದವು, ಅಕ್ಕಾ. ನಮ್ಮಿಬ್ಬರ ದೊಡ್ಡ ಗುರುತುಗಳೆಲ್ಲ ಒಂದೇ, ಆದರೆ ಒಡಹುಟ್ಟಿದವರಲ್ಲೂ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುತ್ತದೆ. ಪರೀಕ್ಷೆಯ ಕಣ್ಣಿಗೆ ಬೀಳದ ಆ ವ್ಯತ್ಯಾಸ ನನ್ನ ಟಿ ಕಣಗಳ ಕಣ್ಣಿಗೆ ಬಿತ್ತು. ನಿನ್ನ ಹಳೆಯ ಮಜ್ಜೆಯನ್ನು ಮದ್ದು ಹಾಕಿ ಸುಟ್ಟು ನನ್ನದನ್ನು ನೆಟ್ಟಿದ್ದರಲ್ಲ, ಅವು ಬೇರು ಬಿಟ್ಟು, ತಲೆ ಎತ್ತಿ, ಸುತ್ತಲೂ ನೋಡಿ, ಇದು ನಮ್ಮನೆಯಲ್ಲ ಎಂದು ತೀರ್ಮಾನ ಮಾಡಿದವು. ಕ್ಯಾನ್ಸರಿನ ಮೇಲೆ ಬಿದ್ದವು, ಜೊತೆಗೆ ನಿನ್ನ ಮೇಲೂ ಬಿದ್ದವು. ನಿನ್ನ ಅಂಗೈ, ಅಂಗಾಲು ಕೆಂಪೇರಿ ಉರಿದವು, ಚರ್ಮ ಸುಲಿಯಿತು, ಹೊಟ್ಟೆಯಲ್ಲಿ ಒಂದು ಗುಟುಕು ಗಂಜಿ ನಿಲ್ಲಲಿಲ್ಲ. ಡಾಕ್ಟರಮ್ಮ ನನಗೆ ಫೋನು ಮಾಡಿ ತಿಳಿಸಿದರು, ನಾನು ನೊಂದುಕೊಳ್ಳುತ್ತೇನೆ ಎಂದು ಮೆತ್ತಗೆ, ಸುತ್ತಿಬಳಸಿ. ನಾನು ಫೋನಿಟ್ಟು ಹೋಟೆಲಿನ ಅಡುಗೆಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿದೆ. ಎರಡನೇ ಸಲ ಬಡಿಸಿಕೊಂಡೆ. ಎದೆಯೊಳಗೆ ತಣ್ಣಗಾಯಿತು. ನಿನ್ನನ್ನು ಬೈಯಲು ನನಗೆ ಸಿಗದ ಮಾತುಗಳೆಲ್ಲ ನಿನ್ನ ಚರ್ಮದ ಮೇಲೆ ಎದ್ದಿವೆ ಅನ್ನಿಸಿತು.

ಇನ್ನೂ ಒಂದು ಖುಷಿ ಇದೆ. ನಿನ್ನ ರಕ್ತದ ಗುಂಪು ಬದಲಾಗಿದೆಯಂತೆ. ಈಗ ನಿನ್ನ ಗುಂಪು ನನ್ನದು. ಯಾವ ಊರಿನ ಯಾವ ಆಸ್ಪತ್ರೆಯಲ್ಲಾದರೂ ನಿನ್ನ ಬೆರಳು ಚುಚ್ಚಿ ಒಂದು ಹನಿ ತೆಗೆದು ನೋಡಲಿ, ನಾನು ಸಿಗುತ್ತೇನೆ. ಚಿಕ್ಕಂದಿನಲ್ಲಿ ನಿನಗೆ ಹಾಕಿಸಿದ ಲಸಿಕೆಗಳ ನೆನಪೂ ಅಳಿಸಿಹೋಗಿದೆ, ಮತ್ತೆ ಮೊದಲಿನಿಂದ ಹಾಕಿಸಬೇಕಂತೆ. ನನ್ನ ಬಣ್ಣ ಒಂದು ಶಾಲಿಗೆ ಬೇಕಾಗಿತ್ತಲ್ಲ ನಿನಗೆ, ತಗೋ, ಮೈತುಂಬ ಹರಿಯುತ್ತಿದೆ.

ಆದರೆ ನನ್ನ ಖುಷಿ ಬಹಳ ದಿನ ಬಾಳಲಿಲ್ಲ. ನಿನ್ನ ಚರ್ಮ ಉಳಿಸಲು ನನ್ನ ಕಣಗಳಿಗೆ ಮಂಕು ಕವಿಸುವ ಮದ್ದು ಕೊಟ್ಟರು. ಉರಿ ಇಳಿಯಿತು, ಗಂಜಿ ನಿಂತಿತು, ನೀನು ಕಿಟಕಿಯ ಹತ್ತಿರ ಕೂತು ಬಿಸಿಲು ಕಾಯಿಸುವ ಮಟ್ಟಕ್ಕೆ ಬಂದೆ. ಅದೇ ಸಮಯ ನೋಡಿಕೊಂಡು, ಎಲ್ಲೋ ಮೂಲೆಯಲ್ಲಿ ಉಳಿದಿದ್ದ ಕ್ಯಾನ್ಸರು ಮತ್ತೆ ಎದ್ದಿತು. ಹೋದ ವಾರ ಡಾಕ್ಟರಮ್ಮ ನನ್ನನ್ನು ಕರೆಸಿ, "ನಿಮ್ಮ ಕಣಗಳು ಅವರ ಮೈಗೆ ಒಗ್ಗಿಹೋಗಿವೆ. ತುಂಬ ಸಾಧು ಆಗ್ಬಿಟ್ಟಿವೆ" ಅಂದರು. ಕೇಳಿ ನನ್ನ ಮೈ ಉರಿದುಹೋಯಿತು. ನನ್ನವು! ನನ್ನನ್ನು ಒಂದು ಮಾತೂ ಕೇಳದೆ, ನಿನ್ನ ಜೊತೆ ರಾಜಿ! ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, "ಪೂರ್ತಿ ಸ್ನೇಹ ಆದ್ರೆ ಈ ಕಾಯಿಲೆ ಹೋಗಲ್ಲ ಕಣ್ರೀ. ಸ್ವಲ್ಪ ಸಿಟ್ಟು ಇರ್ಲೇಬೇಕು. ಹೊಸದಾಗಿ ನಿಮ್ಮ ಟಿ ಕಣ ಕೊಟ್ರೆ ಅವು ಮತ್ತೆ ಜಗಳ ತೆಗೀತಾವೆ. ಆ ಜಗಳದಲ್ಲೇ ಕ್ಯಾನ್ಸರ್ ಸಾಯ್ಬೇಕು" ಅಂದರು. ಜಗಳ ಎಲ್ಲಿ ನಿಲ್ಲುತ್ತದೆ ಎಂದು ಅವರಿಗೂ ಗೊತ್ತಿಲ್ಲ. ಹಿಂದಿನ ಸಲಕ್ಕಿಂತ ಜೋರಾಗಿ ನಿನ್ನ ಮೈಯನ್ನೂ ಸುಡಬಹುದು.

ಆಗ ನಾನು ಷರತ್ತು ಹಾಕಿದೆ. ಅವಳು ಮೊದಲು ಅಪ್ಪನಿಗೆ ನಿಜ ಹೇಳಲಿ, ಆಮೇಲೆ ತೋಳು ಚಾಚುತ್ತೇನೆ ಅಂದೆ. ಯಾವ ನಿಜ ಎಂದು ಅವರು ಕೇಳಲಿಲ್ಲ. ಅಷ್ಟು ನಗುವ ಹೆಂಗಸು ಎದ್ದು ನಿಂತು, "ಷರತ್ತು ಇದ್ರೆ ನಾನು ಸೂಜೀನೇ ಹಿಡಿಯಲ್ಲ. ನಿಮ್ಮಷ್ಟಕ್ಕೆ ನೀವು ಕೊಡ್ಬೇಕು, ಇಲ್ಲಾಂದ್ರೆ ಬೇಡ ಅನ್ನಿ. ಇಲ್ಲಿ ಚೌಕಾಸಿ ಇಲ್ಲ" ಅಂದರು. ನನಗೂ ರೋಷ ಬಂತು. ಬೇಡ ಅಂದರೆ ಬೇಡ ಎಂದು ಬಾಗಿಲು ದಡಾರನೆ ಹಾಕಿಕೊಂಡು ಹೊರಟೆ.

ಕಾಲು ಎಳೆದುಕೊಂಡು ಹೋದದ್ದು ಎಲ್ಲಿಗೆ ಗೊತ್ತಾ? ಅಂಗಡಿಗೆ. ಅದೇ ಹಬೆ, ಅದೇ ಸೋಪಿನ ವಾಸನೆ. ಅಪ್ಪ ಕೌಂಟರಿನ ಹಿಂದೆ ಕೂತು, ಭೂತಗನ್ನಡಿಯ ಕೆಳಗೆ ಕೈ ಇಟ್ಟುಕೊಂಡು ಅಂಗಿಯೊಂದಕ್ಕೆ ಗುರುತು ಹೊಲಿಯುತ್ತಿದ್ದರು. ನೀಲಿ ನೂಲಿನಲ್ಲಿ! ನೀನು ಹಾಸಿಗೆ ಹಿಡಿದರೂ ಅಂಗಡಿಯಲ್ಲಿ ನಿನ್ನ ಬಣ್ಣ ನಿಲ್ಲಬಾರದು ಎಂದು, ನಿನ್ನ ಪಾಲಿನ ಕೆಲಸವನ್ನು ತಾವೇ ಮಾಡಿ ನಿನ್ನ ಗುರುತು ಹಾಕುತ್ತಿದ್ದಾರೆ, ಈ ವಯಸ್ಸಿನಲ್ಲಿ. ನೋಡಿ ನನ್ನ ಕರುಳು ಚುರುಕ್ಕೆಂದಿತು, ಮರುಕ್ಷಣವೇ ಹೊಟ್ಟೆಕಿಚ್ಚಿನಿಂದ ಕಣ್ಣು ಕತ್ತಲಿಟ್ಟಿತು.

ಅಪ್ಪ ತಲೆ ಎತ್ತಿ ನೋಡಿದರು. "ಕೊಡ್ತೀರಾ?" ಅಂದರು. ಕೂತ್ಕೋ ಅನ್ನಲಿಲ್ಲ. "ಯೋಚನೆ ಮಾಡ್ತಿದೀನಿ" ಅಂದೆ. "ಅವಳಿಗೆ ನೀವು ಬಿಟ್ರೆ ಯಾರಿದಾರೆ?" ಅಂದರು. ನಾನು ತಡೆಯಲಾರದೆ ಕೇಳಿಬಿಟ್ಟೆ: "ನನಗೆ ಯಾರಿದಾರೆ ಅಂತ ಒಂದಿನ ಆದ್ರೂ ಕೇಳಿದ್ರಾ ಅಪ್ಪಾ?" ಸೂಜಿ ಹಿಡಿದ ಕೈಯನ್ನೇ ಎತ್ತಿ ಗಾಜಿನ ಕಪಾಟಿನ ಕಡೆ ತೋರಿಸಿದರು. ಒಂದು ಮುದ್ದೆ ಉಣ್ಣೆ. ಅಷ್ಟೇ, ಅದೇ ಅವರ ಉತ್ತರ. ನಾನು ಹೇಗೆ ಮೆಟ್ಟಿಲಿಳಿದೆ, ಯಾವ ಬೀದಿಯಲ್ಲಿ ನಡೆದೆ ಎಂದು ನನಗೆ ನೆನಪಿಲ್ಲ. ಬಸ್ಸಿನವನೊಬ್ಬ ಬ್ರೇಕು ಒತ್ತಿ ನನ್ನನ್ನು ಚೆನ್ನಾಗಿ ಬೈದದ್ದು ಮಾತ್ರ ನೆನಪಿದೆ.

ನಡೆಯುತ್ತ ನಡೆಯುತ್ತ ನನಗೆ ಒಂದು ವಿಷಯ ಹೊಳೆಯಿತು. ಆ ಶಾಲಿನ ನಿಜ ಗೊತ್ತಿರುವವರು ಲೋಕದಲ್ಲಿ ಇಬ್ಬರೇ, ನೀನು ಮತ್ತು ನಾನು. ನನ್ನ ಮಾತು ನಂಬುವವರಿಲ್ಲ. ನೀನು ಸತ್ತರೆ ಏನಾಗುತ್ತದೆ? ನೀನು ಎಲ್ಲರ ಪಾಲಿಗೆ ಪುಣ್ಯಾತ್ಗಿತ್ತಿಯಾಗುತ್ತೀಯ. ಸತ್ತವಳ ಮೇಲೆ ಚಾಡಿ ಹೇಳುವ ತಂಗಿ ಎಂದು ನನ್ನ ಮುಖಕ್ಕೆ ಉಗಿಯುತ್ತಾರೆ. ಅಪ್ಪ ನಿನ್ನ ಹೆಸರಿನಲ್ಲಿ ನೀಲಿ ನೂಲು ಹೊಲಿಯುತ್ತಲೇ ಇರುತ್ತಾರೆ, ನಾನು ಆ ಕಪಾಟಿನಲ್ಲಿ ಶಾಲಿನ ಜೊತೆ ಕೂತೇ ಇರುತ್ತೇನೆ. ನೀನು ಹೀಗೆ ಸುಲಭವಾಗಿ ಜಾರಿಕೊಳ್ಳುವುದಕ್ಕೆ ನಾನು ಬಿಡುತ್ತೇನೆಯೇ? ನಿಜವಾ ಸುಳ್ಳಾ ಎಂದು ನಿನ್ನನ್ನು ಒಬ್ಬರು ಕಣ್ಣಲ್ಲಿ ಕಣ್ಣಿಟ್ಟು ಕೇಳುವ ದಿನ ನೀನು ಬದುಕಿರಬೇಕು. ಹೌದು ಅನ್ನುವುದಕ್ಕೋ ಇಲ್ಲ ಅನ್ನುವುದಕ್ಕೋ ನಿನ್ನ ಎದೆಯಲ್ಲಿ ಉಸಿರಿರಬೇಕು.

ಅದಕ್ಕೇ ಕೊಟ್ಟೆ. ಇವತ್ತು ಬೆಳಗ್ಗೆಯೇ ಕೊಟ್ಟಾಯಿತು. ಷರತ್ತಿಲ್ಲ, ಚೌಕಾಸಿಯಿಲ್ಲ, ಡಾಕ್ಟರಮ್ಮ ಕೇಳಿದಲ್ಲೆಲ್ಲ ರುಜು ಹಾಕಿ ಯಂತ್ರದ ಪಕ್ಕ ಮಲಗಿದೆ. ರಕ್ತ ನಳಿಗೆಯಲ್ಲಿ ಹೋಗುವುದನ್ನು ನೋಡುತ್ತ ಅದಕ್ಕೆ ಚೆನ್ನಾಗಿ ಕಿವಿ ಊದಿ ಕಳಿಸಿದ್ದೇನೆ. ಹೋಗಿ, ಒಗ್ಗಿಹೋಗಬೇಡಿ, ಒಬ್ಬೊಬ್ಬನ ಮಡಿಕೆಯನ್ನೂ ಬಿಚ್ಚಿ ನೋಡಿ, ಕಳ್ಳ ಗುರುತು ಹಾಕಿಕೊಂಡವನು ಸಿಕ್ಕಿದರೆ ಅಲ್ಲೇ ಮುಗಿಸಿ ಎಂದು. ನೀನು ಇದನ್ನು ಕೇಳುವ ಹೊತ್ತಿಗೆ ಆ ಚೀಲ ನಿನ್ನ ಮಂಚದ ಕಂಬಕ್ಕೆ ತೂಗಿ, ಖಾಲಿಯೂ ಆಗಿರುತ್ತದೆ. ಇನ್ನು ಅವನ್ನು ವಾಪಸ್ಸು ಕರೆಯಲು ನನ್ನಿಂದಲೂ ಆಗದು, ನಿನ್ನಿಂದಲೂ ಆಗದು.

ಅಂಗೈ ಮತ್ತೆ ಉರಿಯುತ್ತದೆ. ಉರಿಯಲಿ, ಹೆದರಬೇಡ, ಅದು ನಾನು. ಹೊಟ್ಟೆ ತೊಳಸಿದರೆ ಅದೂ ನಾನೇ. ನಿನ್ನನ್ನು ಸಾಯಿಸುವಷ್ಟು ಮುಂದೆ ಹೋಗಬೇಡಿ ಎಂದೂ ಹೇಳಿ ಕಳಿಸಿದ್ದೇನೆ, ಕೇಳುತ್ತವೋ ಇಲ್ಲವೋ ತಿಳಿಯದು, ನನ್ನ ಹಾಗೆಯೇ ಮೊಂಡು ಜಾತಿ. ಗಂಜಿ ಕುಡಿ. ಮದ್ದು ತಪ್ಪಿಸಬೇಡ. ಸಾಯಬೇಡ ಅಕ್ಕಾ. ಇದನ್ನು ಪ್ರೀತಿ ಎಂದು ತಪ್ಪು ತಿಳಿದುಕೊಳ್ಳಬೇಡ, ನನ್ನ ಸೇಡಿಗೆ ನೀನು ಬದುಕಿರುವುದು ಬೇಕಾಗಿದೆ.

ಅಪ್ಪನಿಗೆ ನಿಜ ಹೇಳು ಎಂದು ನಿನ್ನನ್ನು ಬೇಡಿಕೊಳ್ಳುವುದಿಲ್ಲ. ನಿನಗೆ ಆ ಕಷ್ಟವನ್ನೂ ಕೊಡುವುದಿಲ್ಲ.

ಇತಿ,
ಈಗ ನಿನ್ನ ಮೈಯ ರಕ್ತಕ್ಕೆಲ್ಲ ಒಡತಿಯಾದ
ನಿನ್ನ ತಂಗಿ

ತಾ.ಕ.: ನಿನ್ನ ಕಣ್ಣೊಳಗೆ ರಕ್ತ ಒಸರಿ ಅಕ್ಷರಗಳು ಕಾಣುತ್ತಿಲ್ಲ ಎಂದು ನರ್ಸು ಬೆಳಗ್ಗೆಯೇ ಹೇಳಿದಳು. ದಿನಪತ್ರಿಕೆಯಿಂದ ಹಿಡಿದು ಮದ್ದಿನ ಚೀಟಿಯವರೆಗೆ ಎಲ್ಲವನ್ನೂ ಅಪ್ಪನೇ ನಿನ್ನ ಹಾಸಿಗೆಯ ಪಕ್ಕ ಕೂತು ಓದಿ ಹೇಳುತ್ತಾರಂತೆ. ಅದಕ್ಕೇ ಈ ಲಕೋಟೆಯನ್ನು ಅವರ ಕೈಗೇ ಕೊಡುತ್ತಿದ್ದೇನೆ, ಅಕ್ಕನಿಗೆ ನನ್ನ ಉತ್ತರ ಇದರಲ್ಲಿದೆ, ಓದಿ ಹೇಳಿ ಎಂದು. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವ ಅಭ್ಯಾಸ ಅವರಿಗಿಲ್ಲ. ಅಂದರೆ, ಅಕ್ಕಾ, ಇಷ್ಟು ಹೊತ್ತು ನೀನು ಇದನ್ನೆಲ್ಲ ಕೇಳಿದ್ದು ಅಪ್ಪನ ಬಾಯಲ್ಲಿ. ಈಗ ಅವರು ನಿನ್ನನ್ನೇ ನೋಡುತ್ತಿರುತ್ತಾರೆ.

ಅಪ್ಪಾ, ಅವಳನ್ನು ಕೇಳುವುದಿದ್ದರೆ ಕೇಳಿ. ನಾನು ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದೇನೆ.